ಕರಕುಶಲಕ್ಕೆ ಹೆಸರೂ ಒಂದು ಬಂಡವಾಳ

ಗಾಂಧಿಬಜಾರ್, ಚಾಮರಾಜಪೇಟೆ, ಮಲ್ಲೇಶ್ವರದ ಎಂಟನೇ ಅಡ್ಡರಸ್ತೆಗಳಲ್ಲಿ ಹಬ್ಬದ ದಿನಗಳಲ್ಲಿ ಸುತ್ತಾಡಿದವರಿಗೆ ಒಂದು ವೈಚಿತ್ರ್ಯ ಕಾಣದಿರದು. ಕಸೂತಿಯ ಚೀಲ, ದಸರಾ ಗೊಂಬೆ, ಬಿದಿರಿನ ಬುಟ್ಟಿ ಎಲ್ಲವೂ ಈ ನೆಲದವೇ. ಅವುಗಳನ್ನು ತಯಾರಿಸುವ ಮನೆ ಉದ್ಯಮಗಳ ಹೆಸರು ಮಾತ್ರ ‘ಕ್ರಿಯೇಷನ್ಸ್’, ‘ಎಂಟರ್‌ಪ್ರೈಸಸ್’. ಎಷ್ಟೋ ಉದ್ಯಮಗಳಿಗೆ ಹೆಸರೇ ಇಲ್ಲ; ಮಾರುವ ಅಂಗಡಿಯ ಚೀಟಿಯೇ ಗುರುತು. ಇದನ್ನು ಅಭಿರುಚಿಯ ಪ್ರಶ್ನೆಯೆಂದು ತಳ್ಳಿಹಾಕುವಂತಿಲ್ಲ. ತಯಾರಿಸಿದವರ ಆದಾಯದ ಪ್ರಶ್ನೆ ಇದರಲ್ಲಿ ಅಡಗಿದೆ.

ಸರಕಿನ ಗುಣ ಮಾರುವವನಿಗೆ ತಿಳಿದಷ್ಟು ಕೊಳ್ಳುವವನಿಗೆ ತಿಳಿಯದ ಮಾರುಕಟ್ಟೆಯಲ್ಲಿ ಕಳಪೆ ಸರಕು ಒಳ್ಳೆಯದನ್ನು ಹೊರದೂಡುತ್ತದೆಂದು ಅರ್ಥಶಾಸ್ತ್ರಜ್ಞ ಜಾರ್ಜ್ ಅಕೆರ್ಲಾಫ್ 1970ರಲ್ಲಿ ವಿವರಿಸಿದರು. ಅವರು ಸೂಚಿಸಿದ ಪರಿಹಾರಗಳಲ್ಲಿ ಬ್ರ್ಯಾಂಡ್ ಹೆಸರೂ ಒಂದು. ಕೈಮಗ್ಗದ ಬಟ್ಟೆಯೋ ಯಂತ್ರಮಗ್ಗದ್ದೋ, ಬಣ್ಣ ಸಹಜವೋ ರಾಸಾಯನಿಕವೋ ಎಂಬುದನ್ನು ಸಾಮಾನ್ಯ ಗ್ರಾಹಕ ಕಣ್ಣಿನಿಂದ ಅಳೆಯಲಾರ. ಅವನು ನಂಬುವುದು ಹೆಸರನ್ನು. ಆ ಹೆಸರು ಅಂಗಡಿಯದಾದರೆ ನಂಬಿಕೆಯ ಬೆಲೆಯೂ ಅಂಗಡಿಗೇ ಸಲ್ಲುತ್ತದೆ. ಹೊಲಿದವಳಿಗೆ ಉಳಿಯುವುದು ಕೂಲಿ. ಒಮ್ಮೆ ನೆಲೆಯೂರಿದ ಹೆಸರಿನ ಬಲ ಎಷ್ಟೆಂಬುದನ್ನು ಮಲ್ಲೇಶ್ವರದವರಿಗೆ ಹೇಳಬೇಕಿಲ್ಲ. ಸೆಂಟ್ರಲ್ ಟಿಫಿನ್ ರೂಂ ‘ಶ್ರೀ ಸಾಗರ್’ ಆದ ಮೇಲೂ ದೋಸೆಗೆ ಜನ ಹೋಗುವುದು ‘ಸಿಟಿಆರ್’ಗೇ.

ಹಾಗಾದರೆ ಎಂತಹ ಹೆಸರು ಬೇಕು? ರಂಗಕರ್ಮಿ ಪ್ರಸನ್ನ ಅವರ ಪ್ರಯತ್ನದಿಂದ ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿ ರೂಪುಗೊಂಡ ಮಹಿಳಾ ಸಹಕಾರ ಸಂಘ ‘ಚರಕ’ ಎಂಬ ಹೆಸರಿಟ್ಟುಕೊಂಡಿತು. ಅದರ ಕೈಮಗ್ಗದ ಉಡುಪುಗಳು ‘ದೇಸಿ’ ಎಂಬ ಹೆಸರಿನಲ್ಲಿ ನಗರಕ್ಕೆ ಬಂದವು. ಎರಡೂ ಹೆಸರುಗಳಲ್ಲಿ ಆತ್ಮಪ್ರಶಂಸೆಯಿಲ್ಲ. ಆದರೂ ದುಡಿಯುವ ಕೈ ಮತ್ತು ಅದರ ಹಿಂದಿನ ವಿಚಾರ ಕೇಳಿದವರಿಗೆ ತಟ್ಟನೆ ಹೊಳೆಯುತ್ತವೆ.

ಅರ್ಥವೊಂದೇ ಸಾಲದು. ಇಷ್ಟದೈವದ ಹೆಸರಿಡುವುದು ನಮ್ಮ ವಾಡಿಕೆ. ಅದರ ಹಿಂದಿನ ಭಕ್ತಿ ಗೌರವಾರ್ಹ. ಆದರೆ ನೂರಾರು ಮಂದಿ ಇಟ್ಟ ಹೆಸರು ಯಾರನ್ನೂ ಪ್ರತ್ಯೇಕವಾಗಿ ಗುರುತಿಸದು. ಸರಕನ್ನಷ್ಟೇ ವರ್ಣಿಸುವ ‘ಕೈಮಗ್ಗದ ಸೀರೆ’ಯಂತಹ ಪದಗಳಿಗೆ 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಕಲಮಿನಡಿ ಸಾಮಾನ್ಯವಾಗಿ ನೋಂದಣಿ ದೊರೆಯದು. ಇನ್ನು ಚನ್ನಪಟ್ಟಣ, ಇಳಕಲ್‌ನಂತಹ ಊರಿನ ಹೆಸರುಗಳು ಭೌಗೋಳಿಕ ಸೂಚಕದ ಮಾನ್ಯತೆಯಿಂದಾಗಿ ಅಲ್ಲಿನ ಎಲ್ಲ ಕುಶಲಕರ್ಮಿಗಳ ಸಾಮೂಹಿಕ ಸ್ವತ್ತು. ಅವುಗಳನ್ನು ಒಬ್ಬರೇ ತಮ್ಮದೆನ್ನಲಾಗದು. ಆದ್ದರಿಂದ ಅಲ್ಲಿನ ಬೊಂಬೆ ತಯಾರಕನಿಗೆ ಎರಡು ಹೆಸರು ಬೇಕು: ಪರಂಪರೆಗೆ ಸಾಕ್ಷಿಯಾಗಿ ಊರಿನದು, ತನ್ನ ಕೆಲಸಕ್ಕೆ ಹೊಣೆಯಾಗಿ ತನ್ನದೇ ಒಂದು.

ಮೊದಲು ಗುಣಮಟ್ಟ ಸಾಧಿಸಲಿ, ಹೆಸರು ತಾನಾಗಿ ಬರುತ್ತದೆ ಎಂಬ ವಾದವುಂಟು. ಗುಣಮಟ್ಟವಿಲ್ಲದ ಹೆಸರು ಬಾಳದೆಂಬುದು ನಿಜ. ಆದರೆ ಹೆಸರಿಲ್ಲದ ಗುಣಮಟ್ಟದ ಕೀರ್ತಿ ಬೇರೆಯವರ ಖಾತೆಗೆ ಜಮೆಯಾಗುತ್ತದೆ.

2017ರ ನಿಯಮಗಳು ವ್ಯಕ್ತಿಗಳಿಗೆ ಹಾಗೂ ಸಣ್ಣ ಉದ್ಯಮಗಳಿಗೆ ಆನ್‌ಲೈನ್ ಅರ್ಜಿಯ ಶುಲ್ಕವನ್ನು ಒಂದು ವರ್ಗದ ಸರಕಿಗೆ 4,500 ರೂಪಾಯಿ ಎಂದು ನಿಗದಿಪಡಿಸಿದವು. ನೋಂದಣಿಯ ಅವಧಿ ಹತ್ತು ವರ್ಷ, ಬಳಿಕ ನವೀಕರಿಸಬಹುದು. ಕಂಪನಿಗೆ ಅಲ್ಪವೆನಿಸುವ ಈ ಮೊತ್ತ ಮನೆಯಲ್ಲೇ ಕುಳಿತು ಕಸೂತಿ ಹಾಕುವವಳಿಗೆ ಅಲ್ಪವಲ್ಲ. ಸ್ವಸಹಾಯ ಗುಂಪುಗಳಿಗೆ ಹೊಲಿಗೆ, ಲೆಕ್ಕಪತ್ರ ಕಲಿಸುವ ತರಬೇತಿಗಳಲ್ಲಿ ಹೆಸರಿನ ಆಯ್ಕೆ ಮತ್ತು ನೋಂದಣಿಗೂ ಒಂದು ದಿನ ಮೀಸಲಾಗಲಿ. ಮೊದಲ ಅರ್ಜಿಯ ಶುಲ್ಕವನ್ನು ಜಿಲ್ಲಾ ಕೈಗಾರಿಕಾ ಕೇಂದ್ರ ಭರಿಸಲಿ. ಹೊಲಿಗೆ ಯಂತ್ರಕ್ಕೆ ಸಹಾಯಧನ ಕೊಡುವ ಸರ್ಕಾರಕ್ಕೆ ಇದು ಹೊರೆಯಾಗದು. ಯಂತ್ರ ವರ್ಷವರ್ಷಕ್ಕೆ ಸವೆಯುತ್ತದೆ. ಚೆನ್ನಾಗಿ ದುಡಿದವಳ ಹೆಸರು ಬೆಳೆಯುತ್ತ ಹೋಗುತ್ತದೆ.