ಬೋಳು ಗೆರೆಯ ಗುಟ್ಟು

ಮಕ್ಕಳೇ, ದೀಪಾವಳಿ ಬಂತೆಂದರೆ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ಹೋರಿ ಹಬ್ಬದ ಸಡಗರ. ಕೊಬ್ಬರಿ ಹರಿಯಲು ಹೋಗಿ ತಲೆಗೆ ಪೆಟ್ಟು ತಿಂದ ಹಿರಿಯರನ್ನು ನೀವು ನೋಡಿರಬಹುದು. ಗಾಯ ಮಾಯ್ದು ಎಷ್ಟೋ ವರ್ಷವಾದರೂ ಅಲ್ಲೊಂದು ಬೋಳು ಗೆರೆ ಉಳಿದಿರುತ್ತದೆ. ಜಾವಳ ತೆಗೆಸಿದಾಗ ನಿಮ್ಮ ಇಡೀ ತಲೆಯೇ ಬೋಳಾಗಿತ್ತಲ್ಲ! ಆ ಕೂದಲು ಮತ್ತೆ ಬಂತು, ಈ ಗೆರೆಯಲ್ಲಿ ಮಾತ್ರ ಏಕೆ ಬರಲಿಲ್ಲ?

ಉತ್ತರ ಬೇರಿನಲ್ಲಿದೆ. ಕೂದಲಿನ ಬೇರು ಚರ್ಮದೊಳಗೆ ಸುಮಾರು 4 ಮಿಲಿಮೀಟರ್ ಆಳದಲ್ಲಿ, ಕೇಶಕೂಪ ಎಂಬ ಪುಟ್ಟ ಚೀಲದಲ್ಲಿರುತ್ತದೆ. ಕ್ಷೌರದ ಕತ್ತಿ ಅದನ್ನು ಮುಟ್ಟುವುದಿಲ್ಲ. ಹಾಗಾಗಿ ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್‌ನಂತೆ ಮತ್ತೆ ಬೆಳೆಯುತ್ತದೆ. ಆಳವಾದ ಗಾಯದಲ್ಲಿ ಕೇಶಕೂಪವೇ ನಾಶವಾಗುತ್ತದೆ. ಕಲೆಯ ಚರ್ಮದಲ್ಲಿ ಹೊಸ ಕೇಶಕೂಪ ಹುಟ್ಟುವುದಿಲ್ಲ.

ಹಾಗಾದರೆ ತಲೆಗೆ ಶಸ್ತ್ರಚಿಕಿತ್ಸೆ ಮಾಡುವ ವೈದ್ಯರು ಏನು ಮಾಡುತ್ತಾರೆ? ಎತ್ತು ಕೊಳ್ಳುವಾಗ ಅಜ್ಜ ಸುಳಿ ನೋಡುತ್ತಾರಲ್ಲ, ಹಾಗೆ ಅವರೂ ಕೂದಲಿನ ದಿಕ್ಕು ನೋಡುತ್ತಾರೆ. ಕೂದಲು ನೆಟ್ಟಗೆ ನಿಂತಿರುವುದಿಲ್ಲ, ಗಾಳಿಗೆ ವಾಲಿದ ಪೈರಿನಂತೆ ಓರೆಯಾಗಿರುತ್ತದೆ. ಚರ್ಮದೊಳಗೆ ಬೇರೂ ಅದೇ ಓರೆಯಲ್ಲಿ ಇಳಿದಿರುತ್ತದೆ. ಚಾಕುವನ್ನು ನೆಟ್ಟಗೆ ಇಳಿಸಿದರೆ ಅಕ್ಕಪಕ್ಕದ ಬೇರುಗಳು ತುಂಡಾಗುತ್ತವೆ. ಕೂದಲಿನ ಓರೆಯಲ್ಲೇ ಇಳಿಸಿದರೆ ಬೇರುಗಳು ಉಳಿದು, ಗೆರೆ ಸಣ್ಣದಾಗುತ್ತದೆ.

ಹಣೆಯ ಅಂಚಿನಲ್ಲಿ ಇನ್ನೊಂದು ಜಾಣತನವಿದೆ. ಅಲ್ಲಿ ಬೇಕೆಂದೇ ಕೂದಲಿನ ಓರೆಗೆ ಅಡ್ಡವಾಗಿ ಕೊಯ್ದು, ಕೇಶಕೂಪದ ತುದಿಯನ್ನಷ್ಟೇ ತೆಗೆದು ಬುಡವನ್ನು ಉಳಿಸುತ್ತಾರೆ. ಕಬ್ಬು ಕಡಿದ ಮೇಲೆ ಕೂಳೆ ಒಡೆಯುವಂತೆ ಆ ಬುಡದಿಂದ ಕೂದಲು ಚಿಗುರಿ, ಕಲೆಯನ್ನೇ ತೂರಿ ಹೊರಬರುತ್ತದೆ. ತಲೆಯ ಮೇಲೆ ಅಂಕುಡೊಂಕಾಗಿ ಕೊಯ್ದರೂ ಗೆರೆ ಬೈತಲೆಯಂತೆ ಎದ್ದು ಕಾಣದೆ ಕೂದಲಲ್ಲಿ ಮರೆಯಾಗುತ್ತದೆ. ರಕ್ತ ನಿಲ್ಲಿಸಲು ಕೊಡುವ ವಿದ್ಯುತ್ ಶಾಖ ಹೆಚ್ಚಾದರೆ ಬೇರು ಸುಡುತ್ತದೆ. ಹೊಲಿಗೆ ತೀರ ಬಿಗಿಯಾದರೆ ಬೇರಿಗೆ ರಕ್ತ ಸಿಗುವುದಿಲ್ಲ. ಆದ್ದರಿಂದ ಇವೆರಡರಲ್ಲೂ ಹದ ಬೇಕು.

ಅಜ್ಜ ಅಜ್ಜಿಯರಿಗೊಂದು ಮಾತು. ಬಚ್ಚಲಲ್ಲಿ ಜಾರಿ ಬಿದ್ದು ವಾರಗಳು ಕಳೆದ ಮೇಲೂ ತಲೆನೋವು, ಮಂಕು, ಕೈಕಾಲಿನ ಸೋಲು ಕಾಣಿಸಿಕೊಂಡರೆ ತಲೆಬುರುಡೆಯೊಳಗೆ ರಕ್ತ ನಿಂತಿರಬಹುದು. ತಕ್ಷಣ ಆಸ್ಪತ್ರೆಗೆ ಹೋಗಿ. ಕೂದಲು ಹೋದೀತೆಂದು ಶಸ್ತ್ರಚಿಕಿತ್ಸೆಯನ್ನು ಮುಂದೂಡಬೇಡಿ. ಗಾಯದ ಸುತ್ತಲಿನ ಕೂದಲು ಉದುರಿದರೂ ಬೇರು ಉಳಿದಿದ್ದರೆ ಕೆಲವು ತಿಂಗಳಲ್ಲಿ ಮತ್ತೆ ಬರುತ್ತದೆ. ತಲೆ ಒಡೆದರೆ ಕಾಫಿಪುಡಿ, ಸುಣ್ಣ ಮೆತ್ತಬೇಡಿ. ಶುಭ್ರ ಬಟ್ಟೆಯಿಂದ ಒತ್ತಿ ಹಿಡಿದು ವೈದ್ಯರಲ್ಲಿಗೆ ಹೋಗಿ. ಗಾಯ ಸ್ವಚ್ಛವಾಗಿದ್ದಷ್ಟೂ ಕಲೆ ಚಿಕ್ಕದಾಗುತ್ತದೆ.

ಮಕ್ಕಳೇ, ಈ ವಾರ ನಿಮಗೊಂದು ಕೆಲಸ: ಮನೆಯವರೆಲ್ಲರ ಸುಳಿ ನೋಡಿ, ಕೂದಲು ಯಾವ ಕಡೆಗೆ ತಿರುಗಿದೆ ಎಂದು ಬರೆದಿಡಿ. ಎರಡು ಸುಳಿ ಇದ್ದರೆ ಎರಡು ಮದುವೆ ಎಂದು ಅಜ್ಜಿ ನಗಬಹುದು. ಅದನ್ನು ನಂಬಬೇಕಿಲ್ಲ!