ಕಲಬುರಗಿ ಆಳಿದ ಹಬಶಿ, ಕಾಡು ಸೇರಿದ ಸಿದ್ದಿ

ಆಫ್ರಿಕಾ ಮೂಲದ ಕನ್ನಡಿಗರು ಎಂದರೆ ಎಲ್ಲರ ಬೆರಳೂ ಉತ್ತರ ಕನ್ನಡದ ಕಡೆಗೇ ತಿರುಗುತ್ತದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಯ ಕಾಡಂಚಿನ ಸಿದ್ದಿಗಳು ನೆನಪಾಗುತ್ತಾರೆ. ಕಲಬುರಗಿ ಸೀಮೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಯ ಕಡೆ ಯಾರೂ ನೋಡುವುದಿಲ್ಲ. ಹದಿನೈದನೇ ಶತಮಾನದ ಕೊನೆಯಲ್ಲಿ, ಬಹಮನಿ ರಾಜ್ಯ ಹೋಳಾಗುತ್ತಿದ್ದ ಹೊತ್ತಿನಲ್ಲಿ, ಕಲಬುರಗಿ ಸೀಮೆ ಇದ್ದದ್ದು ದಸ್ತೂರ್ ದಿನಾರ್ ಎಂಬ ಹಬಶಿ ಸರದಾರನ ಕೈಯಲ್ಲಿ. ಹಬಶಿ ಎಂದರೆ ಅಬಿಸೀನಿಯದವನು, ಇಂದಿನ ಇಥಿಯೋಪಿಯ ಕಡೆಯವನು. ವಿಜಯಪುರದ ಯೂಸುಫ್ ಆದಿಲ್ ಖಾನನೊಡನೆ ಕಾದಾಡಿ ಅವನು ಸತ್ತದ್ದು ಹದಿನಾರನೇ ಶತಮಾನದ ಆರಂಭದಲ್ಲಿ. ಅಲ್ಲಿಂದ ಮುಂದೆ ಅವನ ಜೊತೆಯವರು ಈ ನೆಲದಲ್ಲಿ ಪ್ರತ್ಯೇಕ ಜನವಾಗಿ ಉಳಿಯಲಿಲ್ಲ. ಹಾಗೆ ಕರಗಿಹೋದವರಿಗೂ ಇವತ್ತಿಗೂ ಕಣ್ಣಿಗೆ ಬಿದ್ದು ಬೇರೆಯಾಗಿಯೇ ಉಳಿದ ಸಿದ್ದಿಗಳಿಗೂ ನಡುವಿನ ವ್ಯತ್ಯಾಸ ಮೈಬಣ್ಣದ್ದಲ್ಲ, ನೆಲ ಮತ್ತು ಅಧಿಕಾರದ್ದು ಎಂಬುದು ನನ್ನ ವಾದ.

ದಖ್ಖನಿನ ಹಬಶಿಗಳಲ್ಲಿ ಹೆಚ್ಚಿನವರು ತಾವಾಗಿ ಹೊರಟು ಬಂದವರಲ್ಲ. ಕೆಂಪು ಸಮುದ್ರದ ಬಂದರುಗಳಲ್ಲಿ ಮಾರಾಟವಾಗಿ, ಅರಬ್ಬರ ಕೈಯಿಂದ ಕೈಗೆ ದಾಟಿ, ಸುಲ್ತಾನರ ದಂಡಿಗೆ ಗುಲಾಮರಾಗಿ ಸೇರಿದವರು. ಆದರೆ ಇಲ್ಲಿಯ ದಂಡಿನಲ್ಲಿ ಗುಲಾಮನಿಗೆ ಮೇಲೇರುವ ಮೆಟ್ಟಿಲಿತ್ತು. ಬೀದರಿನ ಬಹಮನಿ ಆಸ್ಥಾನದಲ್ಲಿ ಇರಾನ್, ಅರಬಸ್ತಾನದಿಂದ ಹೊಸದಾಗಿ ಬಂದ ಅಫಾಕಿಗಳಿಗೂ ಹಳೆಯ ದಖ್ಖನಿಗಳಿಗೂ ಜಗಳ ಹತ್ತಿದಾಗ ಹಬಶಿಗಳು ನಿಂತದ್ದು ದಖ್ಖನಿಗಳ ಪಕ್ಕದಲ್ಲಿ. ಸಮುದ್ರ ದಾಟಿ ಬಂದವರೇ ತಮ್ಮನ್ನು ಈ ಮಣ್ಣಿನವರೆಂದು ಎಣಿಸಿಕೊಂಡರು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಬೀದರಿನಲ್ಲಿ ಹಬಶಿ ಕೋಟ್ ಎಂಬ ಗುಡ್ಡ ಇಂದಿಗೂ ಅವರ ಹೆಸರು ಹೊತ್ತಿದೆ. 1580ರ ದಶಕದಲ್ಲಿ ಎಳೆಯ ಇಬ್ರಾಹಿಂ ಆದಿಲ್ ಶಾಹನ ಪರವಾಗಿ ವಿಜಯಪುರದ ರಾಜ್ಯಭಾರ ನಡೆಸಿದವನು ದಿಲಾವರ್ ಖಾನ್ ಹಬಶಿ. ಇಥಿಯೋಪಿಯದಲ್ಲಿ ಹುಟ್ಟಿ ಹಲವು ಸಲ ಮಾರಾಟವಾದ ಮಲಿಕ್ ಅಂಬರ್ ಅಹಮದನಗರದ ಸರ್ವಾಧಿಕಾರಿಯಾಗಿ ಮೊಗಲರನ್ನು ವರ್ಷಗಟ್ಟಲೆ ತಡೆದು ನಿಲ್ಲಿಸಿದ, 1626ರಲ್ಲಿ ತೀರಿಕೊಂಡ. ಪೀಟರ್ ಫಾನ್ ಡೆನ್ ಬ್ರೂಕೆ ಎಂಬ ಡಚ್ ವ್ಯಾಪಾರಿ 1617ರಲ್ಲಿ ಅವನ ಪಾಳೆಯಕ್ಕೆ ಬಂದು ಕಂಡದ್ದನ್ನು ಬರೆದಿಟ್ಟಿದ್ದಾನೆ. ಆತ ಅದಕ್ಕೆ ಮೊದಲು ಆಫ್ರಿಕಾದ ಪಶ್ಚಿಮ ತೀರದಲ್ಲಿ ವ್ಯಾಪಾರ ಮಾಡಿದವನು. ಅವನ ದೇಶದವರು ಮುಂದೆ ಅದೇ ತೀರದಿಂದ ಮನುಷ್ಯರನ್ನು ಹಡಗಿಗೆ ತುಂಬಿ ಸುರಿನಾಮ್ ಮತ್ತು ಕುರಸಾವೊಗೆ ಸಾಗಿಸಿದರು.

ಆ ಸಾಗಾಟದ ಫಲ ಇಂದಿನ ನೆದರ್ಲೆಂಡ್ಸಿನಲ್ಲಿದೆ. 1975ರಲ್ಲಿ ಸುರಿನಾಮ್ ಸ್ವತಂತ್ರವಾಗುವ ಹೊತ್ತಿಗೆ ಅಲ್ಲಿಯ ಜನ ಭಾರಿ ಸಂಖ್ಯೆಯಲ್ಲಿ ನೆದರ್ಲೆಂಡ್ಸಿಗೆ ಹೋದರು. ಅವರಲ್ಲಿ ಗುಲಾಮರ ಮೊಮ್ಮಕ್ಕಳಿದ್ದರು. 1873ರಿಂದ ಕಲ್ಕತ್ತದ ಬಂದರಿನಿಂದ ಕಬ್ಬಿನ ತೋಟಕ್ಕೆ ಕರಾರು ಕೂಲಿಗಳಾಗಿ ಹೋದ ಭಾರತೀಯರ ಮಕ್ಕಳೂ ಇದ್ದರು. ಕೇಪ್ ವರ್ಡಿಯಿಂದ, ಘಾನಾದಿಂದ, ಸೊಮಾಲಿಯದಿಂದ ಬಂದವರ ದಾರಿಗಳೇ ಬೇರೆ. ಆಫ್ರಿಕಾ ಮೂಲದ ಎಲ್ಲರನ್ನೂ ಆಫ್ರೋ-ಡಚ್ಚರು ಎಂಬ ಒಂದೇ ಹೆಸರಿನಡಿ ಸೇರಿಸಿದರೆ ಯಾರು ಸರಪಳಿಯಲ್ಲಿ ಬಂದರು, ಯಾರು ದುಡಿಮೆಗೆ ಬಂದರು, ಯಾರು ಯುದ್ಧದಿಂದ ಓಡಿ ಬಂದರು ಎಂಬುದು ಅಳಿಸಿಹೋಗುತ್ತದೆ. ಆದರೂ ಡಚ್ಚರು ಒಂದು ಕೆಲಸ ಮಾಡಿದರು. 1863ರ ಜುಲೈ 1ರಂದು ಕಾನೂನಿನಲ್ಲಿ ಮುಗಿದ ಗುಲಾಮಗಿರಿಗೆ 2022ರ ಡಿಸೆಂಬರಿನಲ್ಲಿ ಪ್ರಧಾನಿ, 2023ರ ಜುಲೈ 1ರಂದು ದೊರೆ ಕ್ಷಮೆ ಕೇಳಿದರು. ತಡವಾಯಿತು, ಆದರೂ ಮೂಲವನ್ನು ಹೆಸರಿಟ್ಟು ಹೇಳಿದರು.

ನಮ್ಮಲ್ಲಿ ಸಿದ್ದಿಗಳ ಮೂಲವನ್ನು ಹಾಗೆ ಹೇಳಿದವರು ಕಡಿಮೆ. ಪೋರ್ಚುಗೀಸರು ಆಫ್ರಿಕಾದ ಪೂರ್ವ ತೀರದಿಂದ ಗೋವೆಗೆ ತಂದ ಗುಲಾಮರಲ್ಲಿ ಹಲವರು ಘಟ್ಟ ಹತ್ತಿ ಕಾಡು ಸೇರಿದರು. ಅವರಿಗೆ ಜಹಗೀರು ಸಿಗಲಿಲ್ಲ, ದಂಡಿನಲ್ಲಿ ಪದವಿ ಸಿಗಲಿಲ್ಲ, ಉಳುವ ನೆಲವೂ ಸುಲಭದಲ್ಲಿ ದಕ್ಕಲಿಲ್ಲ. ಇಂದು ಅವರಲ್ಲಿ ಹಿಂದೂಗಳು, ಕ್ರೈಸ್ತರು, ಮುಸ್ಲಿಮರು ಇದ್ದಾರೆ. ಮನೆಯಲ್ಲಿ ಕೊಂಕಣಿಯೂ ಪೇಟೆಯಲ್ಲಿ ಕನ್ನಡವೂ ಅವರದೇ. ಆದರೂ ಬಸ್‌ಸ್ಟ್ಯಾಂಡಿನಲ್ಲಿ ನಿಂತರೆ ಯಾವ ದೇಶದವರು ಎಂಬ ಪ್ರಶ್ನೆ ತಪ್ಪುವುದಿಲ್ಲ. ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡವೆಂದು ಗುರುತಿಸಿದ್ದು 2003ರಲ್ಲಿ. ಬೆಳಗಾವಿ, ಧಾರವಾಡದವರು 2020ರವರೆಗೆ ಕಾಯಬೇಕಾಯಿತು. ಅದೇ ವರ್ಷ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಆ ಸಮುದಾಯದಿಂದ ಕರ್ನಾಟಕದ ಶಾಸಕಾಂಗ ಮುಟ್ಟಿದ ಮೊದಲಿಗರು ಅವರು.

ಇಲ್ಲಿ ಎರಡು ಆಕ್ಷೇಪಗಳು ಏಳುತ್ತವೆ. ಹಬಶಿ ಸರದಾರರು ಕತ್ತಿ ಹಿಡಿದು ಆಳಿದವರು, ಬಡ ಸಿದ್ದಿಗಳ ಸಾಲಿನಲ್ಲಿ ಅವರನ್ನು ನಿಲ್ಲಿಸುವುದು ಸರಿಯೇ ಎಂಬುದು ಮೊದಲನೆಯದು. ಪ್ರಶ್ನೆ ನ್ಯಾಯವಾದದ್ದೇ. ರೈತನಿಂದ ಕಂದಾಯ ಎತ್ತುವಾಗ ಹಬಶಿ ಸರದಾರ ಬೇರೆ ಸರದಾರರಿಗಿಂತ ಮೆತ್ತಗಿದ್ದ ಎಂದು ನಾನು ಹೇಳುವುದಿಲ್ಲ. ಆದರೆ ಒಂದೇ ಖಂಡದಿಂದ ಒಂದೇ ರೀತಿ ಮಾರಾಟವಾಗಿ ಬಂದವರಲ್ಲಿ ಒಬ್ಬನಿಗೆ ಕಲಬುರಗಿ ಸಿಕ್ಕಿತು, ಇನ್ನೊಬ್ಬನಿಗೆ ಯಲ್ಲಾಪುರದ ಕಾಡು ಸಿಕ್ಕಿತು. ಈ ಅಂತರವೇ ನನ್ನ ಸಾಕ್ಷ್ಯ. ಎರಡನೆಯದು ಇನ್ನೂ ಗಟ್ಟಿ: ಕರಗಿಹೋದವರ ಮೂಲ ಕೆದಕಿದರೆ ಹೊರಗಿನವರು ಎಂದು ಬೆರಳು ತೋರುವವರಿಗೆ ಇನ್ನೊಂದು ನೆಪ ಸಿಕ್ಕೀತು. ಆ ಭಯ ಸುಳ್ಳಲ್ಲ. ಆದರೆ ಮುಚ್ಚಿಟ್ಟ ಮೂಲವೇ ಬೆರಳು ತೋರುವವನ ಬಂಡವಾಳ. ಎಲ್ಲರ ದಾರಿಯೂ ಬಯಲಾದರೆ ಆ ಬೆರಳಿಗೆ ಗುರಿ ಉಳಿಯುವುದಿಲ್ಲ.

ಎಲ್ಲರೂ ಎಲ್ಲಿಂದಲೋ ಬಂದವರೇ ಎಂಬುದನ್ನು ಸೇಡಂನಿಂದ ಚಿಂಚೋಳಿಯವರೆಗಿನ ಈ ಐದು ಊರುಗಳ ಸೀಮೆಯವರಿಗಿಂತ ಚೆನ್ನಾಗಿ ಅರಿಯಬಲ್ಲವರು ಯಾರು? ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಕಾಗಿಣಾ ದಂಡೆಯ ಮಳಖೇಡವನ್ನು ಹತ್ತನೇ ಶತಮಾನದ ಅರಬ್ ಲೇಖಕ ಅಲ್ ಮಸೂದಿ ಮಾನ್‌ಕೀರ್ ಎಂದು ಬರೆದ, ರಾಷ್ಟ್ರಕೂಟ ದೊರೆಯನ್ನು ಅರಬ್ಬರು ಬಲ್ಹರಾ ಎಂದರು. ಚಿಂಚೋಳಿಯ ತಾಂಡಾಗಳ ಲಂಬಾಣಿ ಹಿರಿಯರು ದವಸ ಹೇರಿದ ಎತ್ತುಗಳೊಡನೆ ಉತ್ತರದಿಂದ ಬಂದರು. 1874ರಲ್ಲಿ ಸಿಕಂದರಾಬಾದಿಗೆ ರೈಲು ಹಳಿ ಬಿದ್ದು ವಾಡಿ ಜಂಕ್ಷನ್ ಆಯಿತು, ಆಮೇಲೆ ಸಿಮೆಂಟ್ ಕಾರ್ಖಾನೆ ಊರೂರಿನ ಕೂಲಿಯನ್ನು ಅಲ್ಲಿಗೆ ಕರೆಯಿತು. ಈಗ ಇದೇ ತಾಲೂಕುಗಳ ಜನ ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋಗುತ್ತಾರೆ, ಹೋದಲ್ಲಿ ಹೊರಗಿನವರೆನಿಸಿಕೊಳ್ಳುತ್ತಾರೆ.

ಸೇಡಂ, ಚಿತ್ತಾಪುರದ ಶಾಲೆಗಳಲ್ಲಿ ಬಹಮನಿಗಳ ಪಾಠ ಹೇಳುವ ಮೇಷ್ಟ್ರುಗಳಿಗೆ ನನ್ನದೊಂದು ಬಿನ್ನಹ. ಕಲಬುರಗಿಯನ್ನು ಆಳಿದವರ ಹೆಸರು ಬರೆಸುವಾಗ ದಸ್ತೂರ್ ದಿನಾರನ ಹೆಸರನ್ನೂ ಬರೆಸಿ, ಅವನು ಎಲ್ಲಿಂದ, ಹೇಗೆ ಬಂದ ಎಂಬುದನ್ನೂ ಹೇಳಿ. ಅದೇ ತರಗತಿಯಲ್ಲಿ ಯಲ್ಲಾಪುರದ ಸಿದ್ದಿಗಳ ಕತೆಯನ್ನೂ ಹೇಳಿ.