‘ಎಷ್ಟು ಕಿಲೋಮೀಟರ್ ಬರುತ್ತೆ?’ ಎಂಬ ತಪ್ಪು ಪ್ರಶ್ನೆ

ಬೈಕಿನ ಟೈರು ಕೊಳ್ಳಲು ಹೋದವರು ಮೊದಲು ಕೇಳುವುದು ಪುಣೆಯಲ್ಲೂ ಅದೇ, ಚೆನ್ನೈಯಲ್ಲೂ ಅದೇ: “ಎಷ್ಟು ಕಿಲೋಮೀಟರ್ ಬರುತ್ತೆ?” ಅಂಗಡಿಯವರು ಹಿಂದೆಮುಂದೆ ನೋಡದೆ ಒಂದು ಸಂಖ್ಯೆ ಹೇಳುತ್ತಾರೆ. ಆ ಸಂಖ್ಯೆಗೆ ಬುಡವಿಲ್ಲ. ಗಾಳಿ ಸರಿಯಾಗಿದೆಯೇ, ಹಿಂದೆ ಎಷ್ಟು ಭಾರ ಕೂರುತ್ತದೆ, ಬ್ರೇಕು ಹೇಗೆ ಹಿಡಿಯುತ್ತಾರೆ, ರಸ್ತೆ ಎಂಥದ್ದು ಎಂಬುದರ ಮೇಲೆ ಒಂದೇ ಟೈರು ಒಬ್ಬರಿಗೆ ಬೇಗ ಸವೆಯುತ್ತದೆ, ಇನ್ನೊಬ್ಬರಿಗೆ ವರ್ಷಗಟ್ಟಲೆ ಬರುತ್ತದೆ.

ಪ್ರಶ್ನೆ ಬರೀ ತಪ್ಪಲ್ಲ, ಅಪಾಯದ್ದೂ ಹೌದು. ಟೈರಿನ ಕೆಲಸ ಓಡುವುದಷ್ಟೇ ಅಲ್ಲ, ನಿಲ್ಲಿಸುವುದು. ಎರಡು ಗಾಲಿಗಳೂ ಸೇರಿ ನೆಲ ಮುಟ್ಟುವುದು ಎರಡು ಅಂಗೈಯಷ್ಟು ಜಾಗದಲ್ಲಿ. ಗಟ್ಟಿ ರಬ್ಬರು ಹೆಚ್ಚು ದಿನ ಬಾಳುತ್ತದೆ. ಆದರೆ ಒದ್ದೆ ರಸ್ತೆಯಲ್ಲಿ ಅದರ ಹಿಡಿತ ಸಾಮಾನ್ಯವಾಗಿ ಮೆತ್ತನೆಯದಕ್ಕಿಂತ ಕಡಿಮೆ. ಬಾಳಿಕೆಯನ್ನೊಂದೇ ಕೇಳುವ ಗಿರಾಕಿ, ಮುಂಬೈ ಮಳೆಯಲ್ಲಿ ಬೇಕಾಗುವ ಹಿಡಿತವನ್ನು ತಾನಾಗಿಯೇ ಬಿಟ್ಟುಕೊಟ್ಟಿರುತ್ತಾನೆ.

ಕಿಲೋಮೀಟರಿನ ಲೆಕ್ಕ ವಯಸ್ಸನ್ನೂ ಮರೆಮಾಚುತ್ತದೆ. “ಗಾಡಿ ಹೊಸದರ ಹಾಗಿದೆ, ಬರೀ 8,000 ಓಡಿದೆ” ಎಂದು ಹೈದರಾಬಾದಿನ ಅಪಾರ್ಟ್‌ಮೆಂಟಿನಲ್ಲಿ ಏಳು ವರ್ಷ ಬಿಸಿಲಿಗೆ ನಿಂತ ಬೈಕನ್ನು ಹೊಗಳುವವರಿದ್ದಾರೆ. ನಿಂತ ಟೈರೂ ಮುಪ್ಪಾಗುತ್ತದೆ. ಬಿಸಿಲು, ಶಾಖ, ಗಾಳಿಯ ಓಝೋನ್ ರಬ್ಬರನ್ನು ಒಣಗಿಸಿ ಗಟ್ಟಿಮಾಡುತ್ತವೆ, ಪಕ್ಕದಲ್ಲಿ ಕೂದಲೆಳೆಯ ಬಿರುಕು ಮೂಡುತ್ತದೆ. ಹುಟ್ಟಿದ ದಿನ ಟೈರಿನ ಮೇಲೆಯೇ ಅಚ್ಚಾಗಿದೆ: ನಾಲ್ಕು ಅಂಕಿ. 2319 ಎಂದರೆ 2019ರ 23ನೇ ವಾರ. ಅಂಗಡಿಯ ಅಟ್ಟದಲ್ಲಿ ಮೂರ್ನಾಲ್ಕು ವರ್ಷ ಮಲಗಿದ್ದ ಟೈರೂ ‘ಹೊಸತು’ ಎಂದೇ ಮಾರಾಟವಾಗುವುದು ಈ ಅಂಕಿಯನ್ನು ಯಾರೂ ಓದದಿರುವುದರಿಂದ.

ಸವೆತಕ್ಕೂ ಅಳತೆಯಿದೆ. ಟೈರಿನ ಗೀರುಗಳ ತಳದಲ್ಲಿ ಸಣ್ಣ ಉಬ್ಬುಗಳಿರುತ್ತವೆ. ಪಕ್ಕದಲ್ಲಿ ಟಿಡಬ್ಲ್ಯುಐ ಎಂಬ ಗುರುತು ಅಥವಾ ತ್ರಿಕೋನ ಅವುಗಳ ಜಾಗ ತೋರಿಸುತ್ತದೆ. ಮೇಲ್ಮೈ ಆ ಉಬ್ಬಿಗೆ ಸಮವಾದರೆ ಟೈರು ಮುಗಿಯಿತು. ದ್ವಿಚಕ್ರ ವಾಹನಕ್ಕೆ ಕೇಂದ್ರ ಮೋಟಾರು ವಾಹನ ನಿಯಮ ಇಟ್ಟಿರುವ ಕನಿಷ್ಠ ಆಳ 0.8 ಮಿಲಿಮೀಟರ್. ಅದು ಕಟ್ಟಕಡೆಯ ಗೆರೆ. ಮಳೆಗಾಲದ ಹೊಸ್ತಿಲಲ್ಲಿ ಅಲ್ಲಿವರೆಗೆ ಕಾಯುವುದು ಜಾಣತನವಲ್ಲ. ಬೋಳಾದ ಟೈರಿಗೆ ಬಿಸಿ ಅಲಗಿನಿಂದ ಹೊಸ ಗೀರು ಕೊರೆಸುವುದಂತೂ ಉಳಿದ ತೆಳು ರಬ್ಬರನ್ನೂ ಕತ್ತರಿಸಿ ನೂಲಿನ ಪದರಕ್ಕೆ ದಾರಿಮಾಡುವ ಕೆಲಸ.

ಇನ್ನು ಆಯ್ಕೆ. 100/90-17 55ಪಿ ಎಂದರೆ 100 ಮಿಲಿಮೀಟರ್ ಅಗಲ, ಅದರ ಶೇ. 90ರಷ್ಟು ಎತ್ತರ, 17 ಇಂಚಿನ ರಿಮ್ಮು, 218 ಕಿಲೋ ಭಾರ, ಗಂಟೆಗೆ 150 ಕಿಲೋಮೀಟರ್ ಮಿತಿ. ನೋಟಕ್ಕೆಂದು ಇದೇ ರಿಮ್ಮಿಗೆ ದಪ್ಪ ಟೈರು ತುರುಕಿದರೆ ಅದರ ಆಕಾರ ಕೆಡುತ್ತದೆ, ತಿರುವಿನಲ್ಲಿ ಗಾಡಿ ಮೊಂಡಾಗುತ್ತದೆ, ಮೈಲೇಜೂ ಇಳಿಯುತ್ತದೆ. ಗಾಡಿಯ ಕೈಪಿಡಿಯಲ್ಲಿರುವ ಅಳತೆಯೇ ಸರಿ. ಟ್ಯೂಬ್ ಇರುವ ಗಾಲಿಯಾದರೆ ಟ್ಯೂಬೂ ಹೊಸದಾಗಲಿ.

“ದುಡ್ಡು ಎಲ್ಲಿಂದ ತರೋಣ?” ಎಂಬುದು ಸುಳ್ಳು ನೆವವಲ್ಲ. ದಿನವಿಡೀ ಊಟ ಹಂಚುವ ಹುಡುಗನ ಹಿಂದಿನ ಟೈರು, ಎಂಜಿನ್ನಿನ ಎಳೆತವನ್ನೂ ಹೆಚ್ಚಿನ ಭಾರವನ್ನೂ ಹೊತ್ತು ಬೇಗ ಸವೆಯುತ್ತದೆ. ಅವನ ನಿಮಿಷಗಳನ್ನು ಲೆಕ್ಕವಿಡುವ ಕಂಪನಿಗಳಿಗೆ ಅವನ ಟೈರಿನ ಲೆಕ್ಕ ಬೇಡ. ಆ ಖರ್ಚು ಅವನ ಜೇಬಿಗೇ ಬೀಳುವವರೆಗೆ ‘ಇನ್ನೊಂದು ತಿಂಗಳು ಓಡುತ್ತೆ’ ಎಂಬ ಮಾತು ಅವನ ಅಜಾಗ್ರತೆಯಲ್ಲ, ಅವನ ಸಂಬಳದ ಮಾತು. ದುಡಿಸುವವರು ಈ ಖರ್ಚಿನ ಪಾಲು ಹೊರಬೇಕು.

ಉಳಿದವರಿಗೆ ಆ ನೆವವಿಲ್ಲ. ಫೋನಿಗೆ ವರ್ಷಕ್ಕೊಮ್ಮೆ ಹೊಸ ಕವರು ಹಾಕುವ ಮನೆಯಲ್ಲಿ, ಹೆಂಡತಿ ಮಕ್ಕಳು ಕೂರುವ ಗಾಡಿಗೆ ಬೋಳು ಟೈರು ಏಕೆ? ಕೇಳಬೇಕಾದ ಪ್ರಶ್ನೆಗಳು ಎರಡು: ಯಾವ ವಾರದ್ದು? ಮಳೆಯಲ್ಲಿ ಹಿಡಿಯುತ್ತದೆಯೇ? ಆ ನಾಲ್ಕು ಅಂಕಿಯನ್ನು ಬಿಲ್ಲಿನ ಮೇಲೆ ಬರೆದುಕೊಡಲು ಒಪ್ಪದ ಅಂಗಡಿಯಿಂದ ಬರಿಗೈಲಿ ಹೊರಬರುವುದೇ ಲೇಸು.